ದಂಡೆಯ ಮೇಲೆ ಒಬ್ಬರು ಕೂತಿರಬೇಕು

ಆ ಮಧ್ಯಾಹ್ನ ಬೆಳ್ಳಟ್ಟಿಯ ನಮ್ಮ ಹೊಲದ ಬಾವಿಗೆ ಇಳಿಯುವ ಪಾವಟಿಗೆಗಳ ಮೇಲೆ ಇದ್ದವರು ಇಬ್ಬರೇ, ನಮ್ಮ ಅವ್ವ ಮತ್ತು ನಾನು. ತಮ್ಮ ಶಿವು ಹೆಂಡತಿಯನ್ನು ಕರೆದುಕೊಂಡು ಬಾಳೆಹೊಸೂರಿಗೆ ಒಂದು ಮದುವೆಗೆ ಹೋಗಿದ್ದ. ಜೋಳ ಕಿತ್ತು ಮುಗಿದಿತ್ತಾದ್ದರಿಂದ ಅಕ್ಕಪಕ್ಕದ ಹೊಲಗಳಲ್ಲೂ ಯಾರೂ ಇರಲಿಲ್ಲ. ನೀರಿನಲ್ಲಂತೂ ಒಂದು ಕಪ್ಪೆಯ ಹೊರತು ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ: ಬಾವಿಯಲ್ಲಿ ಯಾರಾದರೂ ಇದ್ದರೇ? ಇರಲಿಲ್ಲ.

ಇಂಥವನ್ನೆಲ್ಲ ನಂಬುವ ಹೆಂಗಸು ನಾನಲ್ಲ. ನಮ್ಮ ಮನೆಯಲ್ಲಿ ಹಿರಿಯರು ಊಟವಾದ ಮೇಲೆ ಅಂಗಳದಲ್ಲಿ ಕೂತು ದೆವ್ವದ ಕತೆ ಹೇಳುವಾಗ ಅಡ್ಡ ಪ್ರಶ್ನೆ ಹಾಕಿ ಕತೆ ಕೆಡಿಸುತ್ತಿದ್ದವಳು ನಾನೇ. "ದೆವ್ವಕ್ಕ ಹಸಿವಿ ಇಲ್ಲ ಅಂತೀರಿ, ಮತ್ತ ಅದು ಅಡಗಿಮನಿಗೇ ಯಾಕ ಬರತೈತಿ?" ಎಂದು ಕೇಳಿ ನಮ್ಮ ದೊಡ್ಡಪ್ಪನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ. ಮಾತು ಕಲಿತದ್ದು ಅವರೆಲ್ಲರ ಬಾಯಿಂದ, ಆದರೆ ಅವರ ನಂಬಿಕೆ ಮಾತ್ರ ನನಗೆ ಅಂಟಲಿಲ್ಲ. ಈಗಲೂ ಅಂಟಿದೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಉಳಿದದ್ದು ನಿಮಗೆ ಬಿಟ್ಟಿದ್ದು.

ಅವ್ವನ ತವರು ಮುಂಡರಗಿ ಕಡೆ, ಹೊಳೆಯ ದಂಡೆಯ ಮೇಲಿನ ಊರು. ತುಂಗಭದ್ರೆಯಲ್ಲಿ ಈಸಿ ಬೆಳೆದವಳು. ಬೆಳ್ಳಟ್ಟಿಗೆ ಸೊಸೆಯಾಗಿ ಬಂದಾಗ ಇಲ್ಲಿ ಹೊಳೆ ಇಲ್ಲವಲ್ಲ ಎಂದು ಕೆಲವು ದಿನ ಅತ್ತಿದ್ದಳಂತೆ. ಆಮೇಲೆ ಹೊಲದ ಬಾವಿಯನ್ನೇ ಹೊಳೆ ಮಾಡಿಕೊಂಡಳು. ಮಕ್ಕಳು ಹುಟ್ಟಿದ ಮೇಲೆ, ಹುಡುಗರಿರಲಿ ಹುಡುಗಿಯರಿರಲಿ, ಎಲ್ಲರ ನಡಕ್ಕೂ ಹಳೇ ಸೀರೆ ಕಟ್ಟಿ ಬಾವಿಗಿಳಿಸಿದಳು. ಊರವರು ಆಡಿಕೊಂಡರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀರಿಗಿಳಿಯುವುದಕ್ಕೆ ಅವ್ವನ ತವರಿನ ಪದ್ಧತಿಯೊಂದಿತ್ತು. ಯಾರು ನೀರಿಗಿಳಿದರೂ ದಂಡೆಯ ಮೇಲೆ ಒಬ್ಬರು ಕೂತಿರಬೇಕು. ಅವರು ನಮ್ಮವರೇ ಆಗಿರಬೇಕು. ಮುಳುಗಿದವರು ತಳ ಮುಟ್ಟಿದ ಗುರುತಿಗೆ ಅಲ್ಲಿ ಕಲ್ಲಿಗೆ ಕಲ್ಲು ಎರಡು ಸಲ ಕುಟ್ಟಬೇಕು. ದಂಡೆಯವರು ಕಿವಿಯನ್ನು ನೀರಿಗೆ ತಾಗಿಸಿ ಅದನ್ನು ಕೇಳಬೇಕು, ಕೇಳಿದ ಮೇಲೆ ಅಂಗೈಯಿಂದ ನೀರು ಬಡಿದು ಕರೆಯಬೇಕು. ನೀರಿನೊಳಗೆ ಕಲ್ಲಿನ ಸದ್ದು ಎಷ್ಟು ದೂರ ಹೋಗುತ್ತದೆ ಎನ್ನುವುದು ಈಸಿದವರಿಗೆ ಗೊತ್ತು. ಹೊಳೆಯ ಈ ದಂಡೆಯಿಂದ ಆ ದಂಡೆಗೆ ಹೀಗೇ ಕರೆಯುತ್ತಿದ್ದರಂತೆ. ಇದಕ್ಕೆಂದೇ ಅವ್ವ ಒಮ್ಮೆ ತವರಿನಿಂದ ಬರುವಾಗ ಹೊಳೆಯ ಕಲ್ಲೊಂದನ್ನು ತಂದು ಬಾವಿಗೆ ಹಾಕಿದ್ದಳು. ನುಣ್ಣಗೆ, ಗುಂಡಗೆ, ರೊಟ್ಟಿಯ ಹಿಟ್ಟಿನ ಉಂಡೆಯ ಹಾಗಿತ್ತು. ಬಾವಿಯ ತಳ ಆಗ ಬರೀ ಬಂಡೆ. ಮುಳುಗಿ, ಕೈಯಾಡಿಸಿ, ಆ ಕಲ್ಲು ಹುಡುಕಿ, ಬಂಡೆಗೆ ಟಕ್ ಟಕ್ ಎಂದು ಕುಟ್ಟಿ ಮೇಲೆ ಬರುವುದೇ ನಮ್ಮ ಪರೀಕ್ಷೆ.

ನಮ್ಮೆಲ್ಲರಲ್ಲಿ ಗಟ್ಟಿ ಈಸುಗಾತಿ ನನ್ನ ತಂಗಿ ಸುಮಂಗಲಾ. ಒಳಗೆ ಹೋದವಳು ಬೇಗ ಬರುತ್ತಲೇ ಇರಲಿಲ್ಲ. ಅವ್ವ ನೀರು ಬಡಿದೂ ಬಡಿದೂ ಸುಸ್ತಾಗಿ ಬೈಯುವ ಹೊತ್ತಿಗೆ ನಗುತ್ತ ಏಳುತ್ತಿದ್ದಳು. ನಾನು ಕಟ್ಟೆಯ ಮೇಲಿಂದ ಹಾರಲು ಹೋಗಿ ಅಡ್ಡ ಬಿದ್ದು ಎಡಗಿವಿಯ ತಮಟೆ ಒಡೆದುಕೊಂಡೆ. ಅಂದಿನಿಂದ ಆ ಕಿವಿ ಇದ್ದೂ ಇಲ್ಲ. ಫೋನನ್ನು ಬಲಗಿವಿಗೇ ಹಿಡಿಯುತ್ತೇನೆ. ಎಡಗಡೆಯಿಂದ ಯಾರಾದರೂ ಕರೆದರೆ ಸೊಕ್ಕಿನವಳು ಅನ್ನಿಸಿಕೊಳ್ಳುತ್ತೇನೆ.

ಸುಮಿ ಮದುವೆಯಾಗಿ ಹೋದದ್ದು ಗದಗ-ಬೆಟಗೇರಿಗೆ. ಗಂಡ ಮಲ್ಲಣ್ಣನದು ಅಲ್ಲಿ ಪ್ರಿಂಟಿಂಗ್ ಪ್ರೆಸ್ಸು, ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಊರು ಎಂಥದೆಂದರೆ, ನಳಕ್ಕೆ ನೀರು ಬಂದ ದಿನ ಮನೆಯಲ್ಲಿ ಹಬ್ಬ. ಒಮ್ಮೆ ನಾನು ಹೋದಾಗ ಅದೇ ಹಬ್ಬ ನಡೆದಿತ್ತು. ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಚರಿಗೆ ತಂಬಿಗೆಗಳನ್ನೂ ತುಂಬಿಸಿ ಸುಮಿ ಒದ್ದೆ ಕಾಲಿನಲ್ಲಿ ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ಅಕ್ಕಾ, ಒಮ್ಮೆರ ತುಂಬಿದ ನೀರಾಗ ಮುಳುಗಿ ಏಳಬೇಕಾಗೇತಿ ನೋಡು ನನಗ. ತಂಬಿಗಿ ಲೆಕ್ಕದಾಗ ಜಳಕ ಮಾಡಿ ಸಾಕಾತು."

ಆ ಮಾತಿನಿಂದ ಶುರುವಾಯಿತು ನೋಡಿ. ಯಾವ ಟೆಂಪೋದಲ್ಲಿ ಯಾರು ಕೂಡಬೇಕು, ಎಲ್ಲಿ ಚಹಾಕ್ಕೆ ನಿಲ್ಲಿಸಬೇಕು ಎಂದು ಬಳಗದ ಎಲ್ಲ ಮದುವೆಗಳಿಗೂ ಯೋಜನೆ ಹಾಕುವವಳು ನಾನೇ. ಲಕ್ಷ್ಮೇಶ್ವರದ ನಮ್ಮ ಬೀಜ ಗೊಬ್ಬರದ ಅಂಗಡಿಯ ಗಲ್ಲೆಯ ಮೇಲೆ ಕೂತು ಫೋನಿನಲ್ಲಿ ನೋಡುತ್ತ ಹೋದೆ. ಅಂಡಮಾನಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ಕಲಿಸುತ್ತಾರೆಂದು ತಿಳಿಯಿತು. ಅದರಲ್ಲಿ ಎರಡು ಬಗೆ. ದಂಡೆಯಿಂದಲೇ ನಡೆಯುತ್ತ ನೀರಿಗಿಳಿದು ಎದೆಮಟ್ಟ ಬಂದ ಮೇಲೆ ಮುಳುಗುವುದು ಒಂದು. ಬೋಟಿನಲ್ಲಿ ದೂರ ಹೋಗಿ ನಡುನೀರಿನಲ್ಲಿ ಇಳಿಯುವುದು ಇನ್ನೊಂದು. ಮೊದಲು ದಂಡೆಯದು, ಕೈಕಾಲು ಪಳಗಿದ ಮೇಲೆ ಬೋಟಿನದು ಎಂದು ನಾನು ಕ್ರಮ ಹಾಕಿದೆ. ವಿಮಾನ, ಹಡಗು, ಉಳಿಯುವ ಮನೆ, ಮೀನಿಲ್ಲದ ಊಟ ಎಲ್ಲಿ ಸಿಗುತ್ತದೆ, ಎಷ್ಟು ಖಡಕ್ ರೊಟ್ಟಿ ಕಟ್ಟಬೇಕು, ಎಲ್ಲ ನನ್ನದೇ ಉಸಾಬರಿ.

ನಾನೂ ಹೋಗುವವಳೇ ಇದ್ದೆ. ಆದರೆ ಮೊದಲು ಆರೋಗ್ಯದ ವಿಚಾರಣೆ ಇರುತ್ತದೆ, ಅದರಲ್ಲಿ ಕಿವಿಯ ಪ್ರಶ್ನೆ ಬಂತು. ಗದಗಿನ ಕಿವಿಯ ಡಾಕ್ಟರು ದೀಪ ಹಾಕಿ ನೋಡಿ, "ತಮಟ್ಯಾಗ ತೂತೈತಿ. ಸಮುದ್ರ ದೂರ ಇರಲಿ, ತಲಿಮ್ಯಾಲ ನೀರು ಹಾಕ್ಕೊಳ್ಳುವಾಗೂ ಹತ್ತಿ ಇಟ್ಕೋರಿ" ಅಂದರು. ಅಲ್ಲಿಗೆ ನನ್ನ ಪ್ರವಾಸ ಮುಗಿಯಿತು. ನಾನು ಹೋಗದ ಪ್ರವಾಸಕ್ಕೆ ನಾನೇ ಇನ್ನಷ್ಟು ಹುರುಪಿನಿಂದ ಯೋಜನೆ ಹಾಕಿದೆ. ಮಲ್ಲಣ್ಣ ಅದನ್ನು ಲಗ್ನಪತ್ರಿಕೆಯ ದಪ್ಪ ಹಾಳೆಯ ಮೇಲೆ, ಮೇಲೆ ಗಣಪತಿ ಕೂಡಿಸಿ ಅಚ್ಚು ಹಾಕಿಸಿದರು. ದಂಡೆಯ ಮುಳುಗು ಇಂಥ ದಿನ, ಬೋಟಿನ ಮುಳುಗು ಇಂಥ ದಿನ, ಸಕುಟುಂಬ ಸಪರಿವಾರ ದಯಮಾಡಿಸಬೇಕು.

"ಮಲ್ಲಣ್ಣಾರ, ನಿಮಗ ಈಸಾಕ ಬರೂದಿಲ್ಲಲ್ಲ, ನೀವೇನ್ ಮಾಡವ್ರು?" ಎಂದೆ.

"ಅಕ್ಕಾರ, ನಾ ದಂಡಿ ಪಾರ್ಟಿ. ಮೊಣಕಾಲ ಮಟ ನಮ್ಮದು, ಅದರಿಂದ ಮುಂದ ನಿಮ್ಮ ತಂಗಿದು" ಎಂದರು.

ಅವ್ವನನ್ನು ಬೆಳ್ಳಟ್ಟಿಯಲ್ಲಿ ಕಟ್ಟೆಯ ಮೇಲೆ ಕೂಡಿಸಿ ಎಲ್ಲ ವಿವರಿಸಿದೆ. ದಂಡೆಯ ಮಾತಿಗೆ ತಲೆಯಾಡಿಸಿದಳು. ಬೋಟಿನ ಮಾತು ಬಂದಾಗ ಕೇಳಿದಳು, "ಆಕಿ ಮುಳುಗಿದಾಗ ಬೋಟಿನ್ಯಾಗ ಕುಂತಿರೋರು ಯಾರು?"

"ಬೋಟಿನವರು ಇರ್ತಾರಲ್ಲವ್ವಾ. ಕೆಲಸ ಗೊತ್ತಿದ್ದವರು."

"ಕೆಲಸ ಗೊತ್ತಿದ್ದವರಿಗೆ ಹತ್ತು ಮಂದಿ. ನನಗ ಆಕಿ ಒಬ್ಬಾಕಿ."

"ಹಂಗಾದ್ರ ನೀ ಇಲ್ಲೇ ನಮ್ಮ ಬಾವಿ ಪಾವಟಿಗಿ ಮ್ಯಾಲ ಕುಂದ್ರು" ಎಂದು ನಾನು ಚೇಷ್ಟೆ ಮಾಡಿದೆ.

"ಕುಂದ್ರತೀನಿ" ಅಂದಳು. ಆಕೆಗೆ ನಗು ಬರಲಿಲ್ಲ.

ತಮ್ಮ ಮಗಳನ್ನು ಬೆಟಗೇರಿಯಲ್ಲಿ ಸುಮಿಯ ಅತ್ತೆಯ ಹತ್ತಿರ ಬಿಟ್ಟು ಸುಮಿ, ಮಲ್ಲಣ್ಣ ಇಬ್ಬರೂ ಅಂಡಮಾನಿಗೆ ಹೋದರು. ದಂಡೆಯ ಮುಳುಗು ಆದ ಸಂಜೆ, ನಾನು ಬೆಳ್ಳಟ್ಟಿಯಲ್ಲಿದ್ದಾಗ, ಸುಮಿ ಫೋನು ಮಾಡಿದಳು. ಅಷ್ಟು ಖುಷಿಯ ದನಿಯನ್ನು ನಾನು ಆಕೆಯ ಬಾಯಲ್ಲಿ ಬಹಳ ವರ್ಷಗಳಿಂದ ಕೇಳಿರಲಿಲ್ಲ. ಆದರೆ ಕಲಿಸುವವನು ಬೈದನಂತೆ. "ಉಸರು ಹಿಡೀಬಾರದಂತ ಅಕ್ಕಾ. ನೀರಾಗ ಸುಮ್ನ ಉಸರಾಡಕೋತ ಇರಬೇಕಂತ. ನನಗ ನೀರು ಕಂಡ ಕೂಡಲೇ ಉಸರು ತಾನ ನಿಲ್ಲತೈತಿ, ಏನ್ ಮಾಡಲಿ?" ಬಾವಿಯಲ್ಲಿ ಕಲಿತ ನಮಗೆಲ್ಲ ಅದೇ ರೂಢಿ. ಮುಳುಗುವುದೆಂದರೆ ಉಸಿರು ಕಟ್ಟುವುದು. ಅವ್ವ ಫೋನು ಕಸಿದುಕೊಂಡು, "ನೀರಾಗ ಉಸರಾಡು ಅನ್ನೋ ಮಾಸ್ತರನ್ನ ಇದ ಮೊದಲು ಕೇಳಿದ್ನಿ" ಎಂದಳು. ಎಲ್ಲರೂ ನಕ್ಕೆವು.

ಬೋಟಿನ ದಿನ ನಾನು ಬೆಳ್ಳಟ್ಟಿಯಲ್ಲೇ ಇದ್ದೆ. ಶಿವು ಮದುವೆಗೆ ಹೋಗುವುದಿತ್ತು, ದನಕರು ನೋಡಿಕೊಂಡು ಅವ್ವನ ಜೊತೆ ಇರಲು ಬಂದಿದ್ದೆ. ಅವ್ವ ಬೆಳಿಗ್ಗೆಯೇ ಜಳಕ, ಪೂಜೆ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟು ನಿಂತಳು. ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ. ಬೇಡವೆಂದರೆ ಕೇಳಲಿಲ್ಲ. ಬೋರು ಹಾಕಿಸಿದ ಮೇಲೆ ಆ ಬಾವಿಯ ಕಡೆ ಯಾರೂ ಹೋಗುತ್ತಿರಲಿಲ್ಲ. ಪಂಪ್‌ಸೆಟ್ಟು ಕಿತ್ತು ಮಾರಿಯಾಗಿತ್ತು. ಬೇವಿನ ಎಲೆ ಬಿದ್ದು ಬಿದ್ದು ನೀರು ಕಪ್ಪಗಾಗಿತ್ತು. ಅವ್ವ ನೀರಿಗೆ ತಾಗಿದ ಪಾವಟಿಗೆಯ ಮೇಲೆ ಕೂತು, ಎಲೆ ಸರಿಸಿ, ಅಂಗೈಯನ್ನು ನೀರಿನ ಮೇಲೆ ಇಟ್ಟುಕೊಂಡಳು. ನಾನು ಮೇಲೆ ಬೇವಿನ ನೆರಳಿನಲ್ಲಿ ಕೂತು ಫೋನು ನೋಡುತ್ತಿದ್ದೆ. ಬಾವಿಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.

ಊಟದ ಹೊತ್ತು ದಾಟಿದ ಮೇಲೆ ಮಲ್ಲಣ್ಣನ ಫೋನು ಬಂತು.

"ಅಕ್ಕಾರ, ಬೋಟು ಬಂತ್ರಿ. ಆಕಿ ಬಂದಿಲ್ರಿ."

ಬಂದಿಲ್ಲ ಅಂದರೇನು ಎಂದು ಕೇಳಿದೆ. ಅವರಿಗೂ ಸರಿಯಾಗಿ ಹೇಳಲಾಗಲಿಲ್ಲ. ಜೊತೆಯವರು ಒಳಗೆ ಹಿಂದಿರುಗಿ ನೋಡಿದಾಗ ಸುಮಿ ಇರಲಿಲ್ಲವಂತೆ. ನೀರಿನ ಸೆಳವು ಜೋರಾಗಿತ್ತಂತೆ. ಸುತ್ತ ಹುಡುಕಿದರು, ಸಿಗಲಿಲ್ಲ, ಇನ್ನಷ್ಟು ಬೋಟುಗಳನ್ನು ಕರೆಯಲು ದಂಡೆಗೆ ಬಂದಿದ್ದಾರೆ. ಮಲ್ಲಣ್ಣ ದಂಡೆಯ ಮರಳಿನಲ್ಲಿ ನಿಂತಿದ್ದರು. ಮೊಣಕಾಲ ಮಟ ನಮ್ಮದು ಎಂದು ನಕ್ಕಿದ್ದ ಮನುಷ್ಯ, ಹಿಡಿದು ನಿಲ್ಲಿಸದಿದ್ದರೆ ಆಳಕ್ಕೇ ನಡೆದುಬಿಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಆ ಪಾವಟಿಗೆಗಳನ್ನು ಇಳಿದು ಅವ್ವನಿಗೆ ಇದನ್ನು ಹೇಳಬೇಕಾಗಿತ್ತಲ್ಲ, ಅದಕ್ಕಿಂತ ಕಷ್ಟದ ಕೆಲಸ ನನಗೆ ಜನ್ಮದಲ್ಲಿ ಬಂದಿಲ್ಲ. ಆಕೆ ನನ್ನ ಮುಖ ನೋಡಿದಳು. "ಇನ್ನೂ ಮ್ಯಾಲ ಬಂದಿಲ್ಲೇನು?" ಎಂದಷ್ಟೇ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಆಕೆ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ತಿರುಗಿ ಅಂಗೈಯಿಂದ ನೀರು ಬಡಿಯತೊಡಗಿದಳು.

ಆಮೇಲಿನ ಹೊತ್ತನ್ನು ಹೇಗೆ ಹೇಳಲಿ? ಮೇಲೆ ಹತ್ತುತ್ತಿದ್ದೆ, ಫೋನು ಮಾಡುತ್ತಿದ್ದೆ, ಹುಡುಕಾಕತ್ತಾರ್ರಿ ಎಂಬ ಒಂದೇ ಉತ್ತರ ಕೇಳಿ ಇಳಿಯುತ್ತಿದ್ದೆ. ಇಳಿದರೆ ಅವ್ವ ಬಡಿಯುತ್ತಿದ್ದಳು. ಶಿವುಗೆ ಹೇಳಿದೆ, ಅವನು ಮದುವೆ ಬಿಟ್ಟು ಹೊರಟ. ಯಾರಿಗೆ ಫೋನು ಮಾಡಿದರೆ ಏನಾದೀತು ಎಂದು ತಿಳಿಯದೆ, ಅಂಗಡಿಗೆ ಬರುವ ಗಿರಾಕಿಗಳಲ್ಲಿ ಮಗ ಮಿಲಿಟರಿಯಲ್ಲಿದ್ದಾನೆ ಎಂದವರಿಗೂ ಮಾಡಿದೆ. ಒಬ್ಬರು ಪಾಪ, "ನಮ್ಮ ಹುಡುಗ ಕಾಶ್ಮೀರದಾಗ ಅದಾನಲ್ಲವಾ" ಎಂದರು. ಹಾಕಿದ ಯೋಜನೆ ನನ್ನದು, ಆಯ್ದ ದಿನ ನನ್ನದು. ಸಿಲಿಂಡರಿನಲ್ಲಿ ಎಷ್ಟು ಹೊತ್ತಿನ ಗಾಳಿ ಇರುತ್ತದೆ ಎಂದು ಓದಿ ತಿಳಿದಿದ್ದವಳೂ ನಾನೇ. ಅಷ್ಟು ಹೊತ್ತು ಯಾವಾಗಲೋ ಮುಗಿದುಹೋಗಿತ್ತು. ಈ ಮಾತನ್ನು ಅವ್ವನಿಗೆ ಹೇಳಲಿಲ್ಲ.

ಅವ್ವನ ಅಂಗೈ ಕೆಂಪಗೆ ಬಾತು ಬಂದಿತ್ತು. ಕೈ ಹಿಡಿದು ನಿಲ್ಲಿಸಲು ಹೋದೆ. ತಡೆಯಲಾರದೆ ರೇಗಿಬಿಟ್ಟೆ. "ಸಾಕು ಮಾಡ ಯವ್ವಾ. ಇದು ಬಾವಿ. ಆಕಿ ಇರೋದು ಸಮುದ್ರದಾಗ. ಇಲ್ಲಿ ಬಡದ್ರ ಅಲ್ಲಿ ಕೇಳತೈತೇನು?"

"ನೀ ಮ್ಯಾಲ ಹೋಗಿ ಫೋನ್ ಮಾಡು" ಎಂದಳು ಅವ್ವ. "ನಿನಗ ಗೊತ್ತಿದ್ದದ್ದು ನೀ ಮಾಡು, ನನಗ ಗೊತ್ತಿದ್ದದ್ದು ನಾ ಮಾಡತೀನಿ."

ಮತ್ತೆ ಹತ್ತಿದೆ. ಬಿಸಿಲು ಇನ್ನೂ ಬೇವಿನ ಮರದ ಮೇಲಿತ್ತು, ಬಾವಿಯ ಅರ್ಧ ಗೋಡೆಯವರೆಗೆ ಇಳಿದಿತ್ತು. ಆಗ ಮಲ್ಲಣ್ಣ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಅಕ್ಕಾರ, ಇಲ್ಲಿ ಕತ್ತಲಾತ್ರಿ." ಒಂದೇ ದೇಶ, ಒಂದೇ ಗಡಿಯಾರ. ಆದರೆ ಆ ಮೂಡಣ ದಿಕ್ಕಿನ ದ್ವೀಪಗಳಲ್ಲಿ ಸೂರ್ಯ ನಮಗಿಂತ ಬಹಳ ಮೊದಲು ಮುಳುಗುತ್ತಾನೆ. ಯೋಜನೆ ಹಾಕುವಾಗ ಇದನ್ನೂ ಓದಿದ್ದೆ, ಬೇಗ ಊಟ ಮಾಡಬೇಕಾಗುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ನನ್ನ ಕೈಯ ಮೇಲೆ ಬಿಸಿಲು ಬಿದ್ದಿತ್ತು, ನನ್ನ ತಂಗಿ ಕತ್ತಲಲ್ಲಿದ್ದಳು. ಹುಡುಕಲು ಹೋದ ದೋಣಿಗಳು ಒಂದೊಂದಾಗಿ ಮರಳುತ್ತಿವೆ, ಇನ್ನು ಬೆಳಗಿಗೇ ಎನ್ನುತ್ತಿದ್ದಾರೆ ಎಂದು ಮಲ್ಲಣ್ಣ ಅತ್ತರು.

ಇಳಿದು ಬಂದೆ. ಅವ್ವನ ಪಕ್ಕ ಕೂತೆ, ಏನೂ ತೋಚದೆ ನಾನೂ ಅಂಗೈಯಿಂದ ನೀರು ಬಡಿದೆ. ಒಮ್ಮೆ ಬಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಇಬ್ಬರೂ ಬಡಿಯುತ್ತಿದ್ದೆವು. ಕೈ ಸೋತಾಗ ಚಿಕ್ಕಂದಿನಂತೆಯೇ ಪಾವಟಿಗೆಯ ಮೇಲೆ ಅಡ್ಡ ಒರಗಿ, ಕಿವಿಯನ್ನು ನೀರಿಗೆ ತಾಗಿಸಿದೆ. ಬಲಗೈಯಲ್ಲಿ ಫೋನಿತ್ತು, ಹಾಗಾಗಿ ನೀರಿಗೆ ತಾಗಿದ್ದು ಎಡಗಿವಿ. ಕೆಟ್ಟ ಕಿವಿ.

ಟಕ್ ಟಕ್.

ಎದೆಯ ಬಡಿತವಿರಬೇಕು ಎಂದುಕೊಂಡೆ. ಉಸಿರು ಹಿಡಿದೆ. ಸ್ವಲ್ಪ ತಡೆದು ಮತ್ತೆ ಬಂತು. ಎರಡು ಸಲ. ಕಲ್ಲಿಗೆ ಕಲ್ಲು ತಾಗುವ ಸದ್ದು, ದೂರದಿಂದ, ಆದರೆ ಸ್ಪಷ್ಟ. ಚಿಕ್ಕವಳಿದ್ದಾಗಿನಿಂದ ಏನನ್ನೂ ಕೇಳದ ಕಿವಿಯಲ್ಲಿ ಕೇಳುತ್ತಿತ್ತು. ಎದ್ದು ಕೂತೆ, ನಿಂತಿತು. ಬಲಗಿವಿಗೆ ಬಾವಿಯ ಮೇಲಿನ ಗುಬ್ಬಿಗಳ ಸದ್ದಷ್ಟೇ. ಮತ್ತೆ ಎಡಗಿವಿ ತಾಗಿಸಿದೆ. ಟಕ್ ಟಕ್.

ಅವ್ವ ನನ್ನನ್ನೇ ನೋಡುತ್ತಿದ್ದಳು. "ಕೇಳಿತೇನು?" ಎಂದಳು. ನಾನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಅವ್ವ ತಾನೂ ಬಾಗಿ ನೀರಿಗೆ ಕಿವಿ ಕೊಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಕೆನ್ನೆಯಿಂದ ನೀರು ಸೋರುತ್ತಿತ್ತು. "ಎರಡು" ಎಂದಳು.

ನನಗೆ ಆಗ ಸಮಾಧಾನವಾಯಿತು ಎಂದುಕೊಳ್ಳಬೇಡಿ. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಲೇ ಒಡೆಯಿತು. ಯಾಕೆಂದರೆ ಎರಡು ಸಲ ಕುಟ್ಟುವುದರ ಅರ್ಥ ನಮ್ಮ ಮನೆಯಲ್ಲಿ ಒಂದೇ, ತಳ ಮುಟ್ಟಿದೆ ಎಂದು. ನನ್ನ ತಂಗಿ ಸಮುದ್ರದ ತಳ ಮುಟ್ಟಿದ್ದಾಳೆ. ಅದನ್ನು ಅವ್ವನಿಗೆ ಹೇಗೋ ಹೇಳಿಬಿಟ್ಟೆ. "ತಳಾ ಮುಟ್ಯಾಳ ಯವ್ವಾ, ಸುಮಿ ತಳಾ ಮುಟ್ಯಾಳ" ಎಂದು ಆಕೆಯ ಮಡಿಲಿಗೆ ಬಿದ್ದೆ.

ಅವ್ವ ನನ್ನ ಹೆಗಲು ಹಿಡಿದು ಎಬ್ಬಿಸಿದಳು. "ತಳ ಮುಟ್ಟಿದಾಕಿನ್ನ ಕರೀಬೇಕು. ಎಂದರ ಕರೀದ ಬಿಟ್ಟೇವೇನು ನಾವು? ಬಡಿ."

ಬಡಿದೆವು. ಬಿಸಿಲು ಗೋಡೆ ಬಿಟ್ಟು ಮೇಲೇರಿತು. ನಡುನಡುವೆ ಕಿವಿ ಕೊಟ್ಟಾಗ ಆ ಸದ್ದು ಇರುತ್ತಿತ್ತು, ಒಮ್ಮೆ ಕಿವಿ ಕೊಟ್ಟಾಗ ಇರಲಿಲ್ಲ. ಆಮೇಲೆ ಬರಲೇ ಇಲ್ಲ. ಅದು ನಿಂತದ್ದು ಯಾಕೆ ಎಂದು ಯೋಚಿಸಲೂ ಹೆದರಿ ಸುಮ್ಮನೆ ಕೂತೆವು. ಶಿವು ಬಂದು ಬಾವಿಯ ಮೇಲಿಂದ ಕೂಗಿದಾಗ ಸಂಜೆಯಾಗುತ್ತಿತ್ತು. ಅವನು ನಮ್ಮಿಬ್ಬರನ್ನೂ ಕೈಹಿಡಿದು ಹತ್ತಿಸಿದ. ಬಾವಿಯ ಬಾಯಿಗೆ ಬರುತ್ತಿದ್ದಂತೆ ನನ್ನ ಕೈಯಲ್ಲಿದ್ದ ಫೋನು ರಿಂಗಾಯಿತು. ನಾನು ತೆಗೆಯಲಾರದೆ ಅವನ ಕೈಗೆ ಕೊಟ್ಟೆ. ಅವನು ಕೇಳಿದ, ಕೇಳುತ್ತಲೇ ನೆಲದ ಮೇಲೆ ಕೂತುಬಿಟ್ಟ.

"ಸಿಕ್ಕಾಳ" ಎಂದ. "ಅದಾಳ."

ಮೀನುಗಾರರ ದೋಣಿಯೊಂದು ಕತ್ತಲಲ್ಲಿ ಬಲೆ ಹಾಕಿ ನಿಂತಿತ್ತಂತೆ. ಅದರ ದೀಪದ ಬೆಳಕಿಗೆ ಸುಮಿ ತಾನೇ ತೇಲುತ್ತ ಬಂದಳಂತೆ.

ಊರಿಗೆ ಬಂದು ಚೇತರಿಸಿಕೊಂಡ ಮೇಲೆ ಸುಮಿ ಎಲ್ಲ ಹೇಳಿದಳು. ಒಳಗೆ ಮೀನಿನ ಹಿಂಡೊಂದು ಕಂಡು, ಅದು ಬೆದರಬಾರದೆಂದು, ಬಾವಿಯ ರೂಢಿಯಲ್ಲೇ ಎದೆ ತುಂಬ ಉಸಿರು ಹಿಡಿದು ನಿಂತಳಂತೆ. ಎದೆ ತುಂಬಿದ್ದರೆ ಮೈ ಬೆಂಡಿನಂತೆ ಹಗುರಾಗುತ್ತದೆ. ತಿಳಿಯದೆಯೇ ಮೇಲೇರತೊಡಗಿದಳು, ಸೆಳವಿಗೆ ಸಿಕ್ಕಳು. ಮಾಸ್ತರನ ಬೈಗುಳ ನೆನಪಾಗಿ ಉಸಿರು ಬಿಟ್ಟಳಂತೆ; ಇಲ್ಲದಿದ್ದರೆ ಮೇಲೇರುವಾಗ ಒಳಗಿನ ಗಾಳಿ ಹಿಗ್ಗಿ ಎದೆಯೇ ಒಡೆಯುತ್ತಿತ್ತು ಎಂದರು ಡಾಕ್ಟರು. ಮೇಲೆ ಬಂದರೆ ಬೋಟು ದೂರ, ತೆರೆ ಎತ್ತರ. ಸೀಟಿ ಊದಿದಳು, ಕೂಗಿದಳು, ಯಾರಿಗೂ ಕೇಳಲಿಲ್ಲ. ಗಾಳಿ ತುಂಬಿದ ಜಾಕೀಟು ಆಕೆಯನ್ನು ಹಿಡಿದಿತ್ತು. ಸಾಕಾಗಿ ಅಂಗಾತ ತೇಲಿದಳು, ಕಿವಿಗಳೆರಡೂ ನೀರೊಳಗೆ.

ನಾನು ಕೇಳಿದೆ, "ಸುಮಿ, ನೀ ಏನರ ಕುಟ್ಟಿದಿ? ಸಿಲಿಂಡರಿಗೆ, ಯಾವದರ ಕಲ್ಲಿಗೆ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಾ ಎಲ್ಲಿ ಕುಟ್ಟಲಿ ಅಕ್ಕಾ? ಕಲ್ಲೆಲ್ಲಿತ್ತು ಅಲ್ಲಿ? ನೀವಲ್ಲೇನು ಕುಟ್ಟಿದ್ದು?"

ಅವ್ವ ನನ್ನ ಕಡೆ ತಿರುಗಿ ನೋಡಿದಳು.

"ಕತ್ತಲಾದ ಮ್ಯಾಲ ಒಂದು ಕಡಿಯಿಂದ ಕುಟ್ಟೋದು ಕೇಳಾಕ ಹತ್ತಿತು" ಎಂದಳು. "ಎರಡೆರಡು. ನಮ್ಮ ಬಾವಿದ ಸಪ್ಪಳ. ಸಾಯೂ ಮುಂದ ಹಿಂಗ ಏನರ ಕೇಳತಿರಬೇಕು ಅಂದ್ಕೊಂಡ್ನಿ. ಆದ್ರೂ ಆ ಕಡಿಗೇ ಕಾಲು ಬಡಕೋತ ಹ್ವಾದ್ನಿ. ದೋಣಿ ದೀಪ ಕಂಡ ಮ್ಯಾಲ ನಿಂತಿತು."

ಅಂಗೈಯಿಂದ ನೀರು ಬಡಿಯುವುದು ಕೇಳಿತೇನು ಎಂದು ಅವ್ವ ಕೇಳಿದಳು. ಇಲ್ಲ, ಕುಟ್ಟುವುದಷ್ಟೇ ಎಂದಳು ಸುಮಿ. ಅವ್ವ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದಳು.

ಕುಟ್ಟಿದವರು ನಾವಲ್ಲ, ಆಕೆಯೂ ಅಲ್ಲ. ಇಷ್ಟೇ ನನಗೆ ಗೊತ್ತಿರುವುದು. ಒಡೆದ ಕಿವಿ ತಾನಾಗಿ ಸದ್ದು ಹುಟ್ಟಿಸುವುದುಂಟು ಎಂದರು ಕಿವಿಯ ಡಾಕ್ಟರು. ಇರಬಹುದು. ನಿಮ್ಮ ಮುಖ ನೋಡಿ ಅತ್ತೆಯವರಿಗೂ ಕೇಳಿದಂತಾಗಿರಬೇಕು ಎಂದರು ಮಲ್ಲಣ್ಣ. ಅದೂ ಇರಬಹುದು, ಆದರೆ ಎಷ್ಟು ಸಲ ಎಂದು ನಾನು ಹೇಳಿರಲಿಲ್ಲ. ದೋಣಿಯಲ್ಲಿ ಮೀನುಗಾರರು ಏನನ್ನೋ ಬಡಿಯುತ್ತಿದ್ದಿರಬೇಕು ಎಂದ ಶಿವು. ಸುಮಿಗೆ ಕೇಳಿದ್ದು ಅದೇ ಇದ್ದೀತು, ನಾನು ಒಪ್ಪುತ್ತೇನೆ. ಬೆಳ್ಳಟ್ಟಿಯ ಬಾವಿಯಲ್ಲಿ ನಮಗೆ ಕೇಳಿದ್ದು? ಚಿಕ್ಕಂದಿನಲ್ಲಿ ದೊಡ್ಡಪ್ಪನಿಗೆ ಹಾಕುತ್ತಿದ್ದ ಅಡ್ಡ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡು ನೋಡಿದ್ದೇನೆ. ಮೊಟಕಲು ಅವರು ಈಗಿಲ್ಲ, ಉತ್ತರವೂ ಇಲ್ಲ.

ಮುಂದೆ ಬೇಸಗೆಯಲ್ಲಿ ಶಿವು ಆ ಬಾವಿಯ ನೀರು ತೆಗೆಸಿ ಹೂಳು ಎತ್ತಿಸಿದ. ಅವ್ವ, ಸುಮಿ, ನಾನು ಬೇವಿನ ಕೆಳಗೆ ಕೂತು ನೋಡುತ್ತಿದ್ದೆವು. ಎಲೆ ಕೊಳೆತ ಕಪ್ಪು ರಾಡಿ ಆಳುಗಳ ನಡುಮಟ್ಟ ಇತ್ತು. ತಳದ ಬಂಡೆ ಕಾಣಲು ದಿನಗಳೇ ಹಿಡಿದವು. ಬಂಡೆ ಕಂಡ ದಿನ ಅದರ ಮೇಲೆ, ರಾಡಿಯ ಅಡಿಯಲ್ಲಿ, ಹೊಳೆಯ ಕಲ್ಲು ಸಿಕ್ಕಿತು. ಅಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲು ಸಾಧ್ಯವಿರಲಿಲ್ಲ. ಶಿವು ಅದನ್ನು ತೊಳೆದು ಮೇಲೆ ತಂದು ಅವ್ವನ ಮುಂದೆ ಹಿಡಿದ. ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡೋಣವೇನು ಎಂದು ಕೇಳಿದ.

ಅವ್ವ ಅದನ್ನು ಕೈಗೆ ತೆಗೆದುಕೊಂಡು ಒಮ್ಮೆ ಹೊರಳಿಸಿ ನೋಡಿ ವಾಪಸು ಕೊಟ್ಟಳು.

"ಇದ್ದಲ್ಲೇ ಇಟ್ಟು ಬಾ" ಎಂದಳು. "ಬೇಕಾಗತೈತಿ."

ಶಿವು ಪಾವಟಿಗೆ ಇಳಿದು ಹೋಗಿ ಇಟ್ಟು ಬಂದ.